ದೊಂಬರಾಟ ಬೈಗುಳವಲ್ಲ

ಆತ್ಮೀಯ ಕನ್ನಡ ಬಂಧುಗಳೇ,

ನಾವಿರುವ ಈ ಹೊರದೇಶದಲ್ಲಿ ಬೇಸಿಗೆಯ ಕೊನೆ ಅಂದರೆ ಆಗಸ್ಟ್. ಬೆಂಗಳೂರಿನಲ್ಲಿ ಮೇ ತಿಂಗಳ ಕೊನೆಯ ವಾರ. ಮಾವು ಅಗ್ಗ, ಸ್ಕೂಲಿಗೆ ಇನ್ನೂ ನಾಲ್ಕು ದಿನ ರಜೆ, ಮಧ್ಯಾಹ್ನ ಮೂರಾದರೆ ಮೋಡ ಕಟ್ಟುತ್ತದೆ. ಈ ಸಲ ಊರಿಗೆ ಹೋದಾಗ ಅಂಥ ಒಂದು ಭಾನುವಾರ ಅಮ್ಮ, ನಾನು, ಮಗಳು ಮನೆ ಹತ್ತಿರದ ಮೈದಾನದ ಬೇಸಿಗೆ ಮೇಳಕ್ಕೆ ಹೊರಟೆವು. ಒಂದು ಗಂಟೆ ಸುಮ್ನೆ ಸುತ್ತಿ ಬರೋಣ ಅಂತ ಹೋದವರು ಕತ್ತಲಾದ ಮೇಲೆ ಮನೆಗೆ ಬಂದೆವು. ಚುರುಮುರಿ, ಬಳೆ ಅಂಗಡಿ, ಜೈಂಟ್ ವೀಲ್ ಎಲ್ಲ ಇತ್ತು. ನಾವು ಮಾತ್ರ ಕಸರತ್ತಿನವರ ಮುಂದಿನಿಂದ ಕದಲಲಿಲ್ಲ.

ಮೊದಲು ನೋಡಿದ್ದು ಮಲ್ಲಕಂಬ. ಗದಗದ ಕಡೆಯ ಹುಡುಗರು. ಕಂಬಕ್ಕೆ ಹರಳೆಣ್ಣೆ ಸವರಿದ್ದರು. "ಎಣ್ಣೆ ಹಚ್ಚಿದ್ರೆ ಜಾರಲ್ವಾ?" ಅಂತ ಮಗಳು ಕೇಳಿದಳು. ಒಣ ಮರಕ್ಕೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ, ಅದಕ್ಕೇ ಎಣ್ಣೆ ಅಂತ ಅವರ ಗುರುಗಳು ಹೇಳಿದರು. ಒಬ್ಬ ಹುಡುಗ ಎರಡೂ ಕೈ ಬಿಟ್ಟು, ತೊಡೆಯಲ್ಲೇ ಕಂಬ ಹಿಡಿದು ಅಡ್ಡಡ್ಡ ಮಲಗಿಬಿಟ್ಟ. ಪೈಲ್ವಾನರ ಸಾಧನೆಯಾಗಿದ್ದ ಇದಕ್ಕೆ ಈಗ ನಿಯಮ ಇದೆ, ಅಂಕ ಇದೆ, ಪದಕ ಇದೆ. 2013ರಲ್ಲಿ ಮಧ್ಯಪ್ರದೇಶ ಇದನ್ನು ತನ್ನ ರಾಜ್ಯದ ಕ್ರೀಡೆ ಅಂತ ಘೋಷಿಸಿತು. ಹುಡುಗರ ಆಟ ಮುಗಿದಾಗ ವೇದಿಕೆಯ ಮೇಲೆ ಹಾರ, ಶಾಲು, ಫೋಟೋ. ಮನಸ್ಸು ತುಂಬಿ ಬಂತು.

ಮೈದಾನದ ಹಿಂದಿನ ಗೇಟಿನ ಪಕ್ಕ ದೊಂಬರಾಟ. ಅಲ್ಲಿ ಕುರ್ಚಿ ಇಲ್ಲ, ಮೈಕ್ ಇಲ್ಲ. ಎರಡೂ ಕಡೆ ಕತ್ತರಿಯ ಹಾಗೆ ಕಟ್ಟಿದ ಬಿದಿರು, ನಡುವೆ ಹಗ್ಗ, ಹಗ್ಗದ ತುದಿ ನೆಲಕ್ಕೆ ಹೊಡೆದ ಗೂಟಕ್ಕೆ. ಗಂಡ ಡೋಲು ಬಾರಿಸುತ್ತಿದ್ದರು. ಹಗ್ಗದ ಮೇಲೆ ಹೆಂಡತಿ, ಇಪ್ಪತ್ತೈದರ ಆಸುಪಾಸು. ತಲೆಯ ಮೇಲೆ ಒಂದರ ಮೇಲೊಂದು ಮೂರು ಚೊಂಬು. ಕೈಯಲ್ಲಿ ಅವರಿಗಿಂತ ಉದ್ದದ ಬಿದಿರಿನ ಗಳ. ಗಳ ಉದ್ದ ಇದ್ದಷ್ಟೂ ಮೈ ವಾಲುವುದು ನಿಧಾನವಾಗುತ್ತದೆ, ಸರಿಮಾಡಿಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ. ನಾನು ಪಾದವನ್ನೇ ನೋಡುತ್ತಾ ನಿಂತೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಗ್ಗ ಸಿಕ್ಕಿಸಿಕೊಂಡು, ಹಿಮ್ಮಡಿ ಊರಿ, ಒಂದು ಉಸಿರು ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ. ಹಿಮ್ಮಡಿಯ ಚರ್ಮ ಹಳೇ ಚಪ್ಪಲಿಯಷ್ಟು ಗಟ್ಟಿ. ಹೋಗಿ ಬಂದ ಮೇಲೆ ಒಂದು ಸ್ಟೀಲ್ ತಟ್ಟೆ ಇಸಿದುಕೊಂಡು, ಅದನ್ನು ಹಗ್ಗದ ಮೇಲಿಟ್ಟು, ತಟ್ಟೆಯ ಮೇಲೆ ಮಂಡಿಯೂರಿ ಜಾರುತ್ತಾ ಹೊರಟರು. ನನ್ನ ಕೈ ಬೆವರಿತು.

"ಕರಗ ಹೊತ್ತವರೂ ಕೈಯಲ್ಲಿ ಮುಟ್ಟಲ್ಲ, ನಾವು ರಾತ್ರಿಯೆಲ್ಲ ನಿಂತು ಕೈ ಮುಗೀತೀವಿ. ಇವಳೂ ಚೊಂಬು ಮುಟ್ಟಲಿಲ್ಲ ನೋಡೇ" ಅಂದರು ಅಮ್ಮ. ಚೈತ್ರ ಹುಣ್ಣಿಮೆಯ ಕರಗವನ್ನು ಅವರು ಚಿಕ್ಕಂದಿನಿಂದ ನೋಡಿದವರು.

ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಗಂಡ ಒಮ್ಮೆಯೂ ಹೆಂಡತಿಯನ್ನು ನೋಡಲಿಲ್ಲ. ಕಣ್ಣೆಲ್ಲ ಗೂಟದ ಮೇಲೆ. ಆಟ ಮುಗಿದ ಮೇಲೆ ಕೇಳಿದೆ. "ಅವಳ ಕಾಲು ಅವಳಿಗೆ ಗೊತ್ತು ಅಕ್ಕಾ. ಗಂಟು ಸಡಿಲ ಆದ್ರೆ ಅವಳಿಗೆ ಕಾಣಲ್ಲ, ನಾನೇ ನೋಡ್ಬೇಕು" ಅಂದರು.

ಅವರ ಆರು ವರ್ಷದ ಮಗಳು ಡೋಲಿನ ಪಕ್ಕ ಕೂತಿದ್ದಳು. ಇವಳನ್ನೂ ಹಗ್ಗ ಹತ್ತಿಸ್ತೀರಾ ಅಂದೆ. "ಇಲ್ಲಕ್ಕಾ, ಇವಳು ಸ್ಕೂಲಿಗೆ ಹೋಗ್ತಾಳೆ. ನಾನು ಐದು ವರ್ಷಕ್ಕೇ ಹತ್ತಿದ್ದೆ" ಅಂದರು ತಾಯಿ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೀದಿಯ ಹಗ್ಗದ ಮೇಲೂ ಮಗು ಇರಬಾರದು. ಹಾಗಂತ ಈ ವಿದ್ಯೆ ಇವರಿಗೇ ಕೊನೆಯಾಗಬೇಕಾ? ಮಲ್ಲಕಂಬದ ಹುಡುಗರಿಗೆ ಕೆಳಗೆ ಮ್ಯಾಟ್ ಇತ್ತು, ಪಕ್ಕದಲ್ಲಿ ಗುರು ಇದ್ದರು, ಬೆನ್ನ ಹಿಂದೆ ಸ್ಕೂಲು ಇತ್ತು. ಹಗ್ಗದ ನಡಿಗೆಗೂ ಅಷ್ಟು ಸಿಗಲಿ ಅಂತ ಕೇಳುವುದು ಜಾಸ್ತಿ ಅಲ್ಲ.

ಸಂಜೆ ಟೆಂಟಿನಲ್ಲಿ ಸರ್ಕಸ್‌ನವರ ಉಯ್ಯಾಲೆ ಆಟವೂ ಇತ್ತು. ಚೆನ್ನಾಗಿತ್ತು. ಕೆಳಗೆ ಬಲೆ ಇತ್ತು.

ಮನೆಗೆ ಬಂದ ಮೇಲೆ ಒಂದು ಮಾತು ಕೊರೆಯತೊಡಗಿತು. "ಏನ್ ತಿಪ್ಪರಲಾಗ ಹಾಕಿದ್ರೂ ಆಗಲ್ಲ" ಅಂತೀವಿ. ಅದೇನೋ ಸರಿ, ಲಾಗ ಹಾಕುವುದು ಕಷ್ಟ ಅನ್ನುವುದಾದರೂ ಅದರಲ್ಲಿದೆ. ಆದರೆ ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರ ಸುದ್ದಿಗೆ "ರಾಜಕೀಯ ದೊಂಬರಾಟ" ಅಂತ ತಲೆಬರಹ ಕೊಡುತ್ತೇವಲ್ಲ? ದೊಂಬರು ಅನ್ನುವುದು ಒಂದು ಜನದ ಹೆಸರು, ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯ. ಅವರ ಆಟದಲ್ಲಿ ಮೋಸಕ್ಕೆ ಜಾಗವೇ ಇಲ್ಲ, ಒಂದು ಹೆಜ್ಜೆ ತಪ್ಪಿದರೆ ಬಿದ್ದರು. ನಮ್ಮ ಸುದ್ದಿಪತ್ರದಲ್ಲೂ ಆ ತಲೆಬರಹ ಬಂದಿದೆ, ಆ ಪುಟ ತಿದ್ದಿದವಳು ನಾನೇ. ಅದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಈ ಪುಟಗಳಲ್ಲಿ ಆ ಮಾತು ಬೈಗುಳವಾಗಿ ಬರುವುದಿಲ್ಲ.

ಸಮಿತಿಯವರಲ್ಲಿ ಒಂದು ವಿನಂತಿಯೂ ಇದೆ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಊರಿನಿಂದ ಗಾಯಕರನ್ನು ಕರೆಸುತ್ತೇವೆ. ಒಂದು ವರ್ಷ ಹಗ್ಗದ ಮೇಲೆ ನಡೆಯುವವರನ್ನು ಕರೆಸೋಣ. ಹಾರ, ಶಾಲು, ತಕ್ಕ ಸಂಭಾವನೆ, ಕೆಳಗೆ ಬಲೆ, ಎಲ್ಲ ಕೊಟ್ಟು ಕರೆಸೋಣ.

ಆ ದಿನ ಮಳೆ ಹನಿಯಲು ಶುರುವಾದಾಗ ಅವರು ಬಿದಿರು ಬಿಚ್ಚಿ ಲಗೇಜ್ ಆಟೋಕ್ಕೆ ಏರಿಸುತ್ತಿದ್ದರು. ನಾನು ಹೊರದೇಶದಲ್ಲಿರುವುದು, ಅಲ್ಲೂ ನಮ್ಮ ಕನ್ನಡದವರು ಸೇರಿ ಹಬ್ಬ ಮಾಡುವುದು, ಎಲ್ಲ ಹೇಳಿದೆ. ಬರ್ತೀರಾ ಅಂದೆ. ಆಕೆ ಹಗ್ಗ ಸುತ್ತುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು.

"ಅಲ್ಲಿ ನೆಲ ಗಟ್ಟಿ ಇದ್ಯಾ ಅಕ್ಕಾ? ಗೂಟ ನಿಲ್ಬೇಕು."