ಅದು ಶಾರ್ಕ್ ಸಿನಿಮಾ ಅಲ್ಲ ಅಣ್ಣ

ಸೇಂಟ್ ಜಾನ್ಸ್, ನ್ಯೂಫೌಂಡ್‌ಲ್ಯಾಂಡ್, ಕೆನಡಾ
ಜೂನ್ 14

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ಮಲ್ಪೆಯಲ್ಲಿ ಮಳೆ ಹಿಡಿಯಿತಾ? ಬೋಟು ಮೇಲೆ ಹಾಕಿ ನೀನೂ ಅಪ್ಪನೂ ಬಲೆ ರಿಪೇರಿಗೆ ಕೂತಿದ್ದೀರಿ ಅಂತ ಅಮ್ಮ ಹೇಳಿದರು. ಮೀನುಗಾರಿಕೆ ನಿಷೇಧದ 61 ದಿನ ಮುಗಿಯುವುದರೊಳಗೆ ಈ ಪತ್ರ ನಿನಗೆ ಸಿಗಬೇಕು. ಆಮೇಲೆ ನೀನು ಕಡಲಿಗೆ ಹೋದರೆ ನನ್ನ ಮಾತು ಕೇಳುವವರಿಲ್ಲ.

ಭಾನುವಾರ ನಾನು ಹೇಳಿದ ‘ಓರ್ಕಾ’ ಸಿನಿಮಾವನ್ನು ನೀನು ಹದಿನೈದು ನಿಮಿಷ ನೋಡಿ ಬಿಟ್ಟೆ. ‘ಜಾಸ್ ಕಾಪಿ, ಶಾರ್ಕ್ ಬದಲು ತಿಮಿಂಗಿಲ ಹಾಕಿದ್ದಾರೆ ಅಷ್ಟೆ’ ಅಂದೆ. ನನಗೆ ಬೇಜಾರಾಯಿತು. ಇಲ್ಲಿಗೂ ಊರಿಗೂ 8 ಗಂಟೆ ವ್ಯತ್ಯಾಸ, ನಿನಗೆ ಆಗಲೇ ನಿದ್ದೆ ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದನ್ನೇ ಆ ಕಾಲದ ವಿಮರ್ಶಕರೂ ಹೇಳಿದ್ದರು. ಜಾಸ್ ಬಂದದ್ದು 1975ರಲ್ಲಿ, ‘ಓರ್ಕಾ’ 1977ರಲ್ಲಿ. ಜಾಸ್‌ನ ಗೆಲುವು ನೋಡಿಯೇ ಇದನ್ನು ಮಾಡಿದರು, ಅದು ಸುಳ್ಳಲ್ಲ. ಆದರೆ ಅಲ್ಲಿನ ಶಾರ್ಕಿಗೆ ಹಸಿವು ಬಿಟ್ಟರೆ ಬೇರೇನಿಲ್ಲ. ಸಿಕ್ಕಿದವರನ್ನು ತಿನ್ನುತ್ತದೆ. ಇಲ್ಲಿನ ಓರ್ಕಾಗೆ, ಅಂದರೆ ಆ ತಿಮಿಂಗಿಲಕ್ಕೆ, ಸಂಸಾರ ಇದೆ. ಅದು ಒಬ್ಬನೇ ಒಬ್ಬನನ್ನು ಹುಡುಕಿಕೊಂಡು ಬರುತ್ತದೆ.

ಆ ಒಬ್ಬ ನಮ್ಮ ಹಾಗೆಯೇ ಮೀನು ಹಿಡಿಯುವವನು. ಹೆಸರು ನೋಲನ್, ರಿಚರ್ಡ್ ಹ್ಯಾರಿಸ್ ಮಾಡಿದ್ದಾರೆ. ಬೋಟಿನ ಸಾಲ ತೀರಿಸಬೇಕು. ಅದಕ್ಕೆ ಓರ್ಕಾವನ್ನು ಜೀವಂತ ಹಿಡಿದು ಮಾರಲು ಹೊರಡುತ್ತಾನೆ. ಇದು ಸುಮ್ನೆ ಕಟ್ಟಿದ ಕಥೆ ಅಲ್ಲ. 1970ರಲ್ಲಿ ಅಮೆರಿಕದ ಪೆನ್ ಕೋವ್ ಎಂಬಲ್ಲಿ ಬಲೆ ಸುತ್ತಿ, ಮರಿಗಳನ್ನು ತಾಯಂದಿರಿಂದ ಬಿಡಿಸಿ, ಅಕ್ವೇರಿಯಂಗಳಿಗೆ ಮಾರಿದ್ದರು. ಸಿನಿಮಾದಲ್ಲಿ ಗಂಡಿಗೆ ಎಸೆದ ಈಟಿ ಅದರ ರೆಕ್ಕೆ ಸವರಿಕೊಂಡು ಹೋಗಿ ಹೆಣ್ಣಿಗೆ ನಾಟುತ್ತದೆ. ಅದು ಬಸುರಿ. ಬೋಟಿನ ಮೇಲೆ ತೂಗು ಹಾಕಿದಾಗ ಮರಿ ಡೆಕ್ಕಿಗೆ ಬೀಳುತ್ತದೆ. ನೋಲನ್‌ಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಪೈಪಿನ ನೀರು ಬಿಟ್ಟು ಅದನ್ನು ಕಡಲಿಗೆ ದೂಡುತ್ತಾನೆ. ಗಂಡು ನೀರಿನಿಂದ ತಲೆ ಎತ್ತಿ ಎಲ್ಲವನ್ನೂ ನೋಡುತ್ತದೆ, ಕಿರುಚುತ್ತದೆ.

ನೀನು ಇದಕ್ಕೆ ಮುಂಚೆಯೇ ಬಂದ್ ಮಾಡಿದೆ. ನಾನು ಇದನ್ನು ನೋಡುವಾಗ ನನಗೆ ನೆನಪಾದದ್ದು ಅಪ್ಪ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ನೀನು ಬೋಟಿಗೆ ಹೋಗಲು ಶುರು ಮಾಡಿ ಒಂದು ವರ್ಷ ಆಗಿತ್ತು. ಅವತ್ತು ಬಲೆಗೆ ಡಾಲ್ಫಿನ್ ಮರಿ ಬಿದ್ದಿತ್ತು ಅಂತ ನೀನೇ ಬಂದು ಹೇಳಿದ್ದೆ. ತಾಯಿ ಬೋಟನ್ನು ಸುತ್ತುತ್ತಿತ್ತು, ಒಂದೊಂದು ಸಲ ಹಲಗೆಗೆ ಮೂತಿ ತಾಗಿಸುತ್ತಿತ್ತು ಅಂದೆ. ಅಪ್ಪ ಕತ್ತಿ ತೆಗೆದು ಬಲೆ ಕೊಯ್ದುಬಿಟ್ಟರು. ಒಳಗಿದ್ದ ಮೀನೆಲ್ಲ ಹೋಯಿತು. ಮರಿ ಅಷ್ಟರಲ್ಲಿ ಸತ್ತಿತ್ತು. ಮರುದಿನ ಅಂಗಳದಲ್ಲಿ ಹರಡಿದ ಬಲೆ ನಾನು ನೋಡಿದೆ. ಮೂರು ಮಾರು ಉದ್ದದ ತೂತು. ಅಪ್ಪ ಅದರ ಪಕ್ಕ ಕೂತಿದ್ದರು, ಸೂಜಿ ಕೈಯಲ್ಲೇ ಇತ್ತು, ಹೊಲಿಯುತ್ತಿರಲಿಲ್ಲ. ಸಂಜೆ ಯಾರಿಗೂ ಹೇಳದೆ ವಡಭಾಂಡೇಶ್ವರ ದೇವಸ್ಥಾನಕ್ಕೆ ಹೋಗಿ ಬಂದರು. ಎಷ್ಟು ನಷ್ಟ ಆಯಿತು ಅಂತ ಅಮ್ಮ ಇವತ್ತಿನವರೆಗೂ ಕೇಳಿಲ್ಲ.

ನೋಲನ್ ಕೂಡ ಪಾದ್ರಿಯ ಹತ್ತಿರ ಹೋಗುತ್ತಾನೆ ಅಣ್ಣ. ಪ್ರಾಣಿಗೆ ಮಾಡಿದ್ದೂ ಪಾಪವೇ ಅಂತ ಕೇಳುತ್ತಾನೆ. ಅವನ ಹೆಂಡತಿ ಬಸುರಿಯಾಗಿದ್ದಾಗ ಕುಡುಕನೊಬ್ಬ ಗಾಡಿ ಗುದ್ದಿ ಸತ್ತವಳು. ಆ ಕುಡುಕ ತನಗೆ ಮಾಡಿದ್ದನ್ನೇ ತಾನು ಓರ್ಕಾಗೆ ಮಾಡಿದ್ದೇನೆ ಅಂತ ಅವನಿಗೆ ಗೊತ್ತಾಗುತ್ತದೆ. ಇದನ್ನು ಹೊರಗಿನವರು ‘ಮೀನಿನ ಸೇಡು’ ಅಂತ ನಕ್ಕು ಬಿಡಬಹುದು. ನಾವು ನಗಬಹುದಾ? ನಮ್ಮಲ್ಲಿ ಅಪ್ಪಿತಪ್ಪಿ ನಾಗರಹಾವು ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುತ್ತೇವೆ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುತ್ತೇವೆ. ತಪ್ಪಾಯಿತು ಅಂತ ಹೇಳಿಕೊಳ್ಳಲು ನಮಗೊಂದು ದಾರಿ ಇದೆ. ನೋಲನ್‌ಗೆ ಅದೂ ಇಲ್ಲ. ಊರಿನವರು ಬೇರೆ, ನಿನ್ನಿಂದಾಗಿ ಮೀನು ಇಲ್ಲ, ಹೋಗಿ ಅದನ್ನು ಕೊಂದು ಬಾ ಅಂತ ಹಿಂದೆ ಬೀಳುತ್ತಾರೆ. ಕೊನೆಗೆ ಓರ್ಕಾ ಕರೆದ ಕಡೆಗೆ, ಉತ್ತರದ ಹಿಮಕ್ಕೆ, ಬೋಟು ತೆಗೆದುಕೊಂಡು ಹೊರಡುತ್ತಾನೆ. ಗೆಲ್ಲುತ್ತೇನೆ ಅಂತ ಹೋಗುವವನ ಮುಖ ಅಲ್ಲ ಅದು.

ಕೆಲವು ಕಡೆ ಜಾಸ್ತಿ ಆಯಿತು, ಒಪ್ಪುತ್ತೇನೆ. ತಿಮಿಂಗಿಲ ಎಣ್ಣೆಯ ಪೈಪು ಒಡೆದು ಊರಿಗೆ ಬೆಂಕಿ ಹತ್ತಿಸುವುದು ನಂಬುವ ಮಾತಲ್ಲ. ನಿಜವಾಗಿ ಕಡಲಿನ ಓರ್ಕಾ ಮನುಷ್ಯನನ್ನು ಕೊಂದ ದಾಖಲೆಯೇ ಇಲ್ಲ. ಆದರೆ ದುಃಖದ ವಿಷಯದಲ್ಲಿ ಸಿನಿಮಾ ಸುಳ್ಳು ಹೇಳಿಲ್ಲ. ಅದರಲ್ಲಿ ಗಂಡು ತನ್ನ ಸತ್ತ ಜೋಡಿಯನ್ನು ದಡದವರೆಗೆ ದೂಡಿಕೊಂಡು ಬರುತ್ತದೆ. 2018ರಲ್ಲಿ ಕೆನಡಾದ ಪಶ್ಚಿಮ ಕಡಲಿನಲ್ಲಿ ತಾಲೆಕ್ವಾ ಎಂಬ ತಾಯಿ ಓರ್ಕಾ ಸತ್ತ ಮರಿಯನ್ನು 17 ದಿನ ಹೊತ್ತುಕೊಂಡೇ ಈಜಿತು. ಜಾರಿದರೆ ಮತ್ತೆ ಮುಳುಗಿ ಎತ್ತಿಕೊಳ್ಳುತ್ತಿತ್ತು. ಸಿನಿಮಾ ಬಂದು 41 ವರ್ಷ ಆದ ಮೇಲೆ ಲೋಕವೇ ಇದನ್ನು ನೋಡಿ ಅತ್ತಿತು.

ಎನ್ನಿಯೊ ಮೊರಿಕೋನೆಯ ಸಂಗೀತವನ್ನಾದರೂ ಕೇಳು. ಹೆದರಿಸುವ ಸಂಗೀತವೇ ಅಲ್ಲ, ಯಾರನ್ನೋ ಕಳೆದುಕೊಂಡವರದು.

ಈ ಸಿನಿಮಾದ ಊರಿನ ದೃಶ್ಯಗಳನ್ನು ತೆಗೆದದ್ದು ಇಲ್ಲೇ ಹತ್ತಿರದ ಪೆಟಿ ಹಾರ್ಬರ್‌ನಲ್ಲಿ. ಹೋದ ವಾರ ಹೋಗಿದ್ದೆ. ಎರಡು ಗುಡ್ಡದ ನಡುವೆ ಸಣ್ಣ ಬಂದರು, ನಮ್ಮ ದಕ್ಕೆಯ ಕಾಲು ಭಾಗವೂ ಇಲ್ಲ. ವಾಸನೆ ಮಾತ್ರ ನಮ್ಮದೇ, ಉಪ್ಪು, ಡೀಸೆಲ್, ಮೀನು. 1992ರಲ್ಲಿ ಕಾಡ್ ಮೀನು ಖಾಲಿಯಾಗಿ ಸರ್ಕಾರ ಹಿಡಿಯುವುದನ್ನೇ ನಿಲ್ಲಿಸಿತು. ನಮ್ಮ ಹಾಗೆ ಎರಡು ತಿಂಗಳಿಗಲ್ಲ, ವರ್ಷಗಟ್ಟಲೆ. ಅಲ್ಲಿ ಒಬ್ಬ ಅಜ್ಜ ಬಲೆ ಹೊಲಿಯುತ್ತಿದ್ದರು. ಗಂಟು ಹಾಕಿ ಹೆಬ್ಬೆರಳಿನಿಂದ ಒತ್ತುವುದು ಅಪ್ಪನ ಹಾಗೆಯೇ. ನಾನು ಸುಮಾರು ಹೊತ್ತು ನಿಂತು ನೋಡಿದೆ.

ನಿಷೇಧ ಮುಗಿಯಲು ಇನ್ನೂ ದಿನ ಇದೆ, ಅಲ್ವಾ? ಸಿನಿಮಾ ಒಂದೂವರೆ ಗಂಟೆ ಅಷ್ಟೆ. ಮೊಬೈಲಿನಲ್ಲಿ ಬೇಡ, ಟಿವಿಗೆ ಹಾಕು. ಅಪ್ಪ ಜಗಲಿಯಲ್ಲಿ ಬಲೆ ಹಿಡಿದು ಕೂತಿರುವಾಗ ಹಾಕು, ಕರೆಯಬೇಡ. ಡೆಕ್ಕಿನ ಆ ದೃಶ್ಯ ಬಂದಾಗ ಅಪ್ಪ ಸೂಜಿ ಕೆಳಗಿಟ್ಟು ಒಳಗೆ ಬಂದರೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಅಮ್ಮನಿಗೆ, ಅತ್ತಿಗೆಗೆ ಕೇಳಿದೆನೆಂದು ಹೇಳು.

ನಿನ್ನ ತಂಗಿ