‘ಕ್ರಿಕೆಟ್’: ಹುಳುವಿನ ಹೆಸರು ಬೇರೆ, ಆಟದ ಹೆಸರು ಬೇರೆ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಪದಪರಿಚಯದಲ್ಲಿ, ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಆಡುವಾಗ ಕ್ರಿಕೆಟ್ ಎಂಬ ಹುಳುಗಳ ದನಿ ಕೇಳಿಬರುತ್ತಿದ್ದುದರಿಂದ ಆಟಕ್ಕೂ ಅದೇ ಹೆಸರು ಬಂತೆಂದು ಬರೆಯಲಾಗಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನನಗೆ ಈ ಕಥೆ ಹೊಸದಲ್ಲ. ಕೇಳಲು ಸೊಗಸಾಗಿದೆ, ಮಕ್ಕಳ ನೆನಪಿನಲ್ಲಿ ಬೇಗ ಉಳಿಯುತ್ತದೆ. ಆದರೆ ಅದಕ್ಕೆ ಆಧಾರವಿಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಮಕ್ಕಳು ಸತ್ಯವೆಂದೇ ನಂಬುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹುಳುವಿನ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಕಿರಕಿರ ಸದ್ದು ಮಾಡು ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಅನುಕರಣ ಪದವದು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತ್ತು. ಗಂಡು ಹುಳು ತನ್ನ ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹೊರಡಿಸುವ ಸದ್ದನ್ನು ಕೇಳಿದವರಿಗೆ ಆ ಹೆಸರು ಸಹಜವೆನಿಸುತ್ತದೆ. ನಮ್ಮ ‘ಜೀರುಂಡೆ’ ಎಂಬ ಹೆಸರಿನಲ್ಲೂ ‘ಜೀರ್’ ಎಂಬ ದನಿ ಹಾಗೆಯೇ ಕೇಳಿಸುತ್ತದೆಯಲ್ಲವೆ? (ಮಲೆನಾಡಿನ ನಾವು ಜೀರುಂಡೆ ಎಂಬ ಒಂದೇ ಹೆಸರಿನಿಂದ ಹಲವು ಬಗೆಯ ಹುಳುಗಳನ್ನು ಕರೆಯುತ್ತೇವೆ ಎಂಬುದನ್ನೂ ಇಲ್ಲಿ ಹೇಳಬೇಕು.) ವಿಚಿತ್ರವೆಂದರೆ, ಇಂದಿನ ಫ್ರೆಂಚಿನಲ್ಲಿ ಅದೇ ಹಳೆಯ ಪದಕ್ಕೆ ಮಿಡತೆ ಎಂಬ ಅರ್ಥವಿದ್ದು, ಇಂಗ್ಲಿಷರು ಕ್ರಿಕೆಟ್ ಎನ್ನುವ ಹುಳುವನ್ನು ಅಲ್ಲಿ ಬೇರೆಯೇ ಹೆಸರಿನಿಂದ ಕರೆಯುತ್ತಾರೆ.

ಆಟದ ಹೆಸರಿನ ಸಂಗತಿ ಇಷ್ಟು ಸರಳವಾಗಿಲ್ಲ. ಈ ಆಟದ ಬಗ್ಗೆ ನಮಗೆ ಸಿಕ್ಕಿರುವ ಮೊದಲ ಖಚಿತ ಉಲ್ಲೇಖ ಒಂದು ಜಮೀನು ವ್ಯಾಜ್ಯದ ಕಾಗದದಲ್ಲಿದೆ. ಇಂಗ್ಲೆಂಡಿನ ಸರ್ರೆ ಪ್ರಾಂತದ ಗಿಲ್ಡ್‌ಫರ್ಡ್‌ನಲ್ಲಿ 1597ರ ಜನವರಿಯಲ್ಲಿ, ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ 1598ರಲ್ಲಿ, ಜಾನ್ ಡೆರಿಕ್ ಎಂಬ 59ರ ವಯಸ್ಸಿನ ಅಧಿಕಾರಿಯೊಬ್ಬರು ಸಾಕ್ಷಿ ನುಡಿಯುತ್ತ, ತಾವು ಅಲ್ಲಿನ ಶಾಲೆಯ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಡನೆ ಆ ಜಾಗದಲ್ಲಿ ‘ಕ್ರೆಕೆಟ್’ ಆಡುತ್ತಿದ್ದುದಾಗಿ ಹೇಳಿದರು. ಅವರ ವಯಸ್ಸನ್ನು ಹಿಂದಕ್ಕೆ ಎಣಿಸಿದರೆ 1550ರ ಸುಮಾರಿಗೇ ಈ ಆಟಕ್ಕೆ ಈ ಹೆಸರಿತ್ತೆಂದು ತಿಳಿಯುತ್ತದೆ. ಆ ಹೆಸರು ಹೇಗೆ ಬಂತೆಂಬ ಮಾತು ಆ ಸಾಕ್ಷ್ಯದಲ್ಲಿಲ್ಲ.

ಹೆಚ್ಚಿನ ವಿದ್ವಾಂಸರ ಒಲವು ಕೋಲಿನ ಕಡೆಗಿದೆ. ಹಳೆಯ ಇಂಗ್ಲಿಷಿನಲ್ಲಿ ಊರುಗೋಲಿಗಿದ್ದ ‘ಕ್ರಿಕ್’ ಎಂಬ ಪದವನ್ನು ಕೆಲವರು ತೋರಿಸಿದರೆ, ಮಧ್ಯಯುಗದ ಡಚ್ ಭಾಷೆಯಲ್ಲಿ ಕೋಲನ್ನೇ ಸೂಚಿಸುತ್ತಿದ್ದ ‘ಕ್ರಿಕ್’ ಅನ್ನು ಮತ್ತೆ ಕೆಲವರು ತೋರಿಸುತ್ತಾರೆ. ಇಂಗ್ಲೆಂಡಿನ ಆಗ್ನೇಯ ಭಾಗಕ್ಕೂ ಕಡಲಾಚೆಯ ಡಚ್ ನುಡಿಯ ಫ್ಲಾಂಡರ್ಸ್ ಪ್ರಾಂತಕ್ಕೂ ಉಣ್ಣೆಯ ವ್ಯಾಪಾರದ ನಂಟು ಬಲವಾಗಿದ್ದುದರಿಂದ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಉತ್ತರ ಫ್ರಾನ್ಸಿನ 1478ರ ಒಂದು ದಾಖಲೆಯಲ್ಲಿಯೂ ಚೆಂಡಾಟದ ಸಂದರ್ಭದಲ್ಲಿ ಇಂಥದೇ ಪದವಿದೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಒಪ್ಪಿಸುವುದು 1611ರಲ್ಲಿ ರ‍್ಯಾಂಡಲ್ ಕಾಟ್‌ಗ್ರೇವ್ ಹೊರತಂದ ಫ್ರೆಂಚ್–ಇಂಗ್ಲಿಷ್ ನಿಘಂಟು. ಅದರಲ್ಲಿ ಬಿಷಪ್ಪರ ಬಾಗಿದ ದಂಡಕ್ಕೆ ಹೇಳುವ ಫ್ರೆಂಚ್ ಪದಕ್ಕೇ, ಹುಡುಗರು ಕ್ರಿಕೆಟ್ ಆಡುವ ಡೊಂಕು ಕೋಲು ಎಂಬ ಅರ್ಥವನ್ನೂ ಕೊಡಲಾಗಿದೆ. ಚೆಂಡನ್ನು ನೆಲದ ಮೇಲೆ ಉರುಳಿಸಿ ಎಸೆಯುತ್ತಿದ್ದ ಆ ಕಾಲದಲ್ಲಿ ಬ್ಯಾಟು ಇಂದಿನ ಹಾಕಿ ಸ್ಟಿಕ್ಕಿನಂತೆ ತುದಿಯಲ್ಲಿ ಬಾಗಿರುತ್ತಿತ್ತು. ನೇರವಾದ ಬ್ಯಾಟು ರೂಢಿಗೆ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ.

ಇನ್ನೊಂದು ಊಹೆ ಕಾಲುಮಣೆಯದು. ಇಂಗ್ಲಿಷಿನಲ್ಲಿ ಗಿಡ್ಡ ಮರದ ಮಣೆಗೂ ಕ್ರಿಕೆಟ್ ಎಂಬ ಹೆಸರಿತ್ತು. ಡಚ್ಚರು ಚರ್ಚಿನಲ್ಲಿ ಮೊಣಕಾಲೂರಲು ಬಳಸುತ್ತಿದ್ದ ಉದ್ದನೆಯ ತಗ್ಗು ಮಣೆಯ ಹೆಸರೂ ಇದಕ್ಕೆ ಹತ್ತಿರವಾದದ್ದೇ. ಎರಡೇ ಸ್ಟಂಪುಗಳಿದ್ದ ಹಿಂದಿನ ತಗ್ಗು ವಿಕೆಟ್ಟು ಅಂಥ ಮಣೆಯಂತೆ ಕಾಣುತ್ತಿತ್ತೆಂಬುದು ಈ ವಾದದ ತಿರುಳು.

ಕೋಲಿನ ವಾದವೇ ಸರಿಯಿರಬಹುದೆಂದು ನನಗನ್ನಿಸುವುದಕ್ಕೆ ಕನ್ನಡವೂ ಒಂದು ಕಾರಣ. ಚಿನ್ನಿದಾಂಡು ಎಂಬ ಆಟಕ್ಕೆ ಹೆಸರು ಬಂದಿರುವುದು ಆಡುವ ಸಲಕರಣೆಯಿಂದಲೇ. ನಿಮ್ಮ ಕ್ರೀಡಾಪುಟ ಬ್ಯಾಟ್ಸ್‌ಮನ್ನನನ್ನು ದಾಂಡಿಗ ಎಂದು ಕರೆಯುವುದೂ ಕೈಯಲ್ಲಿರುವ ದಾಂಡಿನಿಂದಲೇ. ಆದರೂ ಇದು ನನ್ನ ಒಲವು ಮಾತ್ರ, ಪುರಾವೆಯಲ್ಲ.

ಒಂದೇ ಕಾಗುಣಿತದ ಹಿಂದೆ ಬೇರೆ ಬೇರೆ ಪದಗಳಿವೆಯೆಂಬ ಎಚ್ಚರ ತಪ್ಪಿದರೆ ಅನುವಾದವೂ ಕೆಡುತ್ತದೆ. ರಾತ್ರಿಯ ಕತ್ತಲಲ್ಲಿ ಕ್ರಿಕೆಟ್‌ಗಳು ಹಾಡುತ್ತಿದ್ದವು ಎಂಬ ಸಾಲಿಗೆ, ರಾತ್ರಿ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತೆಂದು ಜಾಣ ಹುಡುಗಿಯೊಬ್ಬಳು ಉತ್ತರ ಬರೆದದ್ದು ನನಗೆ ಇಂದಿಗೂ ನೆನಪಿದೆ. ಆ ತಪ್ಪು ಅವಳದಲ್ಲ, ಹುಳುವಿನ ಹೆಸರನ್ನು ಮೊದಲೇ ಹೇಳಿಕೊಡದ ನನ್ನದು. ‘ಇಟ್ಸ್ ನಾಟ್ ಕ್ರಿಕೆಟ್’ ಎಂಬ ಮಾತನ್ನು ‘ಇದು ಕ್ರಿಕೆಟ್ ಅಲ್ಲ’ ಎಂದು ಪದಶಃ ಇಳಿಸುವವರೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದಿಂದ ಬಳಕೆಯಲ್ಲಿರುವ ಆ ನುಡಿಗೆ ‘ಇದು ನ್ಯಾಯವಲ್ಲ, ಸಭ್ಯ ನಡತೆಯಲ್ಲ’ ಎಂದು ಅರ್ಥ. ಅಮೆರಿಕದವರು ಯಾರೂ ಉತ್ತರಿಸದ ನಿಶ್ಶಬ್ದವನ್ನು ‘ಕ್ರಿಕೆಟ್ಸ್’ ಎಂದಾಗ ಅದು ಹುಳುವಿನ ಮಾತೇ ಹೊರತು ಆಟದ್ದಲ್ಲ: ಜನರ ಸದ್ದಡಗಿದಾಗ ಕೇಳುವುದು ಹುಳುವಿನ ದನಿಯೊಂದೇ.

ಆದುದರಿಂದ ಮುಂದಿನ ವಾರದ ಮಕ್ಕಳ ಪುಟದಲ್ಲಿ ಒಂದು ಪುಟ್ಟ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಹುಳುವಿನ ಹೆಸರು ಅದರ ದನಿಯಿಂದ ಬಂದದ್ದು. ಆಟದ ಹೆಸರು ಕೋಲಿನಿಂದ ಬಂದಿರಬಹುದು, ಇನ್ನೂ ಖಚಿತವಾಗಿಲ್ಲ. ಇಷ್ಟು ಬರೆದರೆ ಸಾಕು. ಜೊತೆಗೆ ಗಿಲ್ಡ್‌ಫರ್ಡ್‌ನ ಸಾಕ್ಷಿಯ ಪ್ರಸಂಗವನ್ನೂ ಹೇಳಿದರೆ, ಹುಳುವಿನ ಕಥೆಯಷ್ಟೇ ಆಸಕ್ತಿಯಿಂದ ಮಕ್ಕಳು ಅದನ್ನೂ ಓದುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ,
ಶಿವಮೊಗ್ಗ ಜಿಲ್ಲೆ