ಆಷಾಢದ ಪಟಕ್ಕೆ ಹತ್ತಿ ದಾರವೇ ಇರಲಿ

ಮಾನ್ಯರೇ,

ಆಷಾಢದ ಗಾಳಿ ಎದ್ದಿದೆ. ದೊಡ್ಡಬಳ್ಳಾಪುರದ ಕಡೆ ಮತ್ತೆ ಗಾಳಿಪಟದ ಕಾಲ. ಪಟ ಗಿರಕಿ ಹೊಡೆದರೆ ಮಕ್ಕಳು ದಾರವನ್ನು ಇನ್ನಷ್ಟು ಜಗ್ಗುತ್ತಾರೆ. ಬಿದಿರು ಕಡ್ಡಿ ಮುರಿಯುವುದು ಆಗಲೇ. ದೋಷವಿರುವುದು ಸೂತ್ರದಲ್ಲಿ (ಪಟವನ್ನು ದಾರಕ್ಕೆ ಸೇರಿಸುವ ಎಳೆಗಳಲ್ಲಿ), ಇಲ್ಲವೇ ಬಾಲಂಗೋಚಿಯಲ್ಲಿ. ಪಟ ಇಳಿಸಿ, ಸೂತ್ರದ ಎಡಬಲದ ಎಳೆಗಳನ್ನು ಸಮ ಮಾಡಿ. ಗಾಳಿ ಜೋರಿದ್ದರೆ ಸೂತ್ರಕ್ಕೆ ದಾರ ಕಟ್ಟುವ ಗಂಟನ್ನು ಅರ್ಧ ಬೆರಳು ಮೇಲಕ್ಕೆ ಸರಿಸಿ, ಬಾಲಂಗೋಚಿಗೆ ಇನ್ನೊಂದು ಮೊಳ ಬಟ್ಟೆ ಸೇರಿಸಿ. ಗಾಳಿ ನುಗ್ಗಿದಾಗ ದಾರ ಬಿಡಬೇಕು, ಸಡಿಲವಾದಾಗ ಎಳೆದುಕೊಳ್ಳಬೇಕು.

ಇಷ್ಟು ತಾಳ್ಮೆ ಕಲಿಸುವ ಆಟಕ್ಕೆ ನೈಲಾನ್ ಮಾಂಜಾ ಎಂಬ ಹರಿತ ದಾರ ಏಕೆ? ಅದು ಸುಲಭವಾಗಿ ಹರಿಯದು, ಕೊಳೆಯದು. ಮರಗಳಲ್ಲಿ ಉಳಿದು ಹದ್ದುಗಳ ರೆಕ್ಕೆ, ರಸ್ತೆಗೆ ಅಡ್ಡಬಿದ್ದು ಬೈಕ್ ಸವಾರರ ಕತ್ತು ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಇದನ್ನು ನಿಷೇಧಿಸಿದೆ. ಪೊಲೀಸರು ಹಬ್ಬಕ್ಕೆ ಮೊದಲೇ ಅಂಗಡಿಗಳನ್ನು ತಪಾಸಣೆ ಮಾಡಲಿ.

– ಗಾಳಿಪಟ ಕಟ್ಟುವವರು, ದೊಡ್ಡಬಳ್ಳಾಪುರ